ಹಾರ್ಮೋನಿಯಂ ಮೇಷ್ಟ್ರು ಪಂಚಾಯಿತಿಗೆ ಹೋದದ್ದು: ಮಂಡ್ಯ ಜಿಲ್ಲೆಯ ಒಂದು ಪ್ರಕರಣ ಅಧ್ಯಯನ

ಹಾಡಿ ಹೆಸರು ಮಾಡಿದವರು ಚುನಾವಣೆಗೆ ನಿಂತರೆ ಗೆಲ್ಲುವುದು ಕಷ್ಟವಲ್ಲ ಎಂಬ ಮಾತನ್ನು ಮಂಡ್ಯದ ಕಡೆ ಆಗಾಗ ಕೇಳುತ್ತೇವೆ. ಗೆದ್ದ ಮೇಲೆ ಆ ಹಾಡಿಗೆ ಏನಾಗುತ್ತದೆ, ಅದನ್ನೇ ನಂಬಿಕೊಂಡ ಸಂಸಾರಕ್ಕೆ ಏನಾಗುತ್ತದೆ ಎಂದು ವಿಚಾರಿಸುವವರು ಕಡಿಮೆ. ಪೌರಾಣಿಕ ನಾಟಕಗಳನ್ನು ಕಲಿಸುತ್ತಿದ್ದ ಒಬ್ಬ ಹಾರ್ಮೋನಿಯಂ ಮೇಷ್ಟ್ರು ಗ್ರಾಮ ಪಂಚಾಯಿತಿಯ ಸದಸ್ಯರಾಗಿ, ಆಮೇಲೆ ಅಧ್ಯಕ್ಷರಾಗಿ ಕಳೆದ ಎರಡು ಅವಧಿಗಳನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಪಂಚಾಯಿತಿ ಸದಸ್ಯರ ತರಬೇತಿಗಳಲ್ಲಿ ಪಾಠ ಹೇಳುವ ಕೆಲಸದ ನಡುವೆ ಪರಿಚಯವಾದವರು ಇವರು. ಅವರ ಮತ್ತು ಅವರ ಪತ್ನಿಯ ಒಪ್ಪಿಗೆ ಪಡೆದು ಬರೆದಿದ್ದೇನೆ. ಹೆಸರು, ಊರು, ತಾಲ್ಲೂಕು, ಜಾತಿ, ಪಕ್ಷ ಯಾವುದನ್ನೂ ಹೇಳಿಲ್ಲ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತೀರ್ಮಾನಗಳನ್ನು ಮಾತ್ರ ಅವು ಆದ ಕ್ರಮದಲ್ಲೇ ಇಟ್ಟಿದ್ದೇನೆ, ಏಕೆಂದರೆ ಕಲಿಯಬೇಕಾದ್ದು ಇರುವುದು ಆ ಕ್ರಮದಲ್ಲಿಯೇ.

ಹಿನ್ನೆಲೆ

ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಊರುಗಳಲ್ಲಿ ಸುಗ್ಗಿ ಮುಗಿಯಿತೆಂದರೆ ಕುರುಕ್ಷೇತ್ರ ನಾಟಕದ ಕಾಲ ಬಂತೆಂದೇ ಅರ್ಥ. ಆಡುವವರೆಲ್ಲ ರೈತರು, ಹಾಲಿನ ಡೇರಿಯ ಕಾರ್ಯದರ್ಶಿ, ಆಟೋ ಓಡಿಸುವವರು, ಶಾಲೆಯ ಮೇಷ್ಟರು. ಪಾತ್ರಕ್ಕೆ ಇಷ್ಟೆಂದು ಅವರೇ ದುಡ್ಡು ಹಾಕುತ್ತಾರೆ. ದುರ್ಯೋಧನನ ಪಾತ್ರಕ್ಕೆ ಎಲ್ಲಕ್ಕಿಂತ ಹೆಚ್ಚು, ಕೃಷ್ಣನಿಗೆ ಅದಕ್ಕಿಂತ ತುಸು ಕಡಿಮೆ, ಹೀಗೆ ಇಳಿಯುತ್ತಾ ಹೋಗಿ ವಿದುರನ ಪಾತ್ರ ಹೆಚ್ಚು ಚೌಕಾಸಿಯಿಲ್ಲದೆ ಸಿಗುತ್ತದೆ. ದ್ರೌಪದಿ, ಕುಂತಿ, ರುಕ್ಮಿಣಿಯರ ಪಾತ್ರಗಳಿಗೆ ಹೊರಗಿನಿಂದ ಕಲಾವಿದೆಯರು ಬರುತ್ತಾರೆ. ಸೀನರಿ, ಡ್ರೆಸ್ಸು, ಕಿರೀಟ, ಗದೆ ಬಾಡಿಗೆಗೆ ಬರುತ್ತವೆ. ಇವೆಲ್ಲವನ್ನೂ ಒಂದು ದಾರದಲ್ಲಿ ಪೋಣಿಸುವವರು ನಾಟಕದ ಮೇಷ್ಟ್ರು. ಅವರೇ ಪ್ರತಿಯೊಬ್ಬರ ಪಾರ್ಟನ್ನೂ ಬೇರೆ ಬೇರೆ ನೋಟ್‌ಬುಕ್ಕಿನಲ್ಲಿ ಬರೆದು ಕೊಡುತ್ತಾರೆ, ಅವರೇ ಕಂದ, ವೃತ್ತ, ಮಟ್ಟುಗಳನ್ನು ಹೇಳಿಕೊಡುತ್ತಾರೆ, ನಾಟಕದ ರಾತ್ರಿ ಅವರೇ ಹಾರ್ಮೋನಿಯಂ ಹಿಡಿಯುತ್ತಾರೆ.

ನಮ್ಮ ಪ್ರಕರಣದ ಮೇಷ್ಟ್ರು ಈ ಕೆಲಸವನ್ನು ತಂದೆಯಿಂದ ಕಲಿತವರು. ಅವರ ತಾಲೀಮನ್ನು ನೋಡಿದರೆ ರಾಜಕಾರಣಕ್ಕೆ ಅವರನ್ನು ಯಾಕೆ ಕರೆದರು ಎಂಬುದು ತಾನಾಗಿ ತಿಳಿಯುತ್ತದೆ. ಗದ್ದೆಯಿಂದ ಬಂದು, ಉಂಡು, ರಾತ್ರಿ ಒಂಬತ್ತರ ನಂತರ ದೇವಸ್ಥಾನದ ಪಡಸಾಲೆಯಲ್ಲಿ ಸೇರುವ ಮಂದಿಗೆ ಅವರು ಮೂರು ನಾಲ್ಕು ತಿಂಗಳು ಕಲಿಸಬೇಕು. ಭೀಮನ ಪಾತ್ರಕ್ಕೆ ದುಡ್ಡು ಕಟ್ಟಿದವನ ಗಂಟಲು ತಾರಸ್ಥಾಯಿಗೆ ಏರುವುದಿಲ್ಲ ಎಂದಾಗ ಅವನನ್ನು ಗದರಿಸುವುದಿಲ್ಲ. ಎಲ್ಲರೂ ಟೀ ಕುಡಿಯಲು ಎದ್ದ ಹೊತ್ತಿನಲ್ಲಿ ಶ್ರುತಿಯನ್ನು ಕಪ್ಪು ಒಂದರಿಂದ ಬಿಳಿ ಒಂದಕ್ಕೆ ಇಳಿಸಿ, ಅದೇ ಪದವನ್ನು ಮತ್ತೆ ಹೇಳಿಸುತ್ತಾರೆ. ಅವನಿಗೆ ತನ್ನ ಗಂಟಲೇ ಪಳಗಿತು ಅನ್ನಿಸುತ್ತದೆ. ದುರ್ಯೋಧನನ ಪಾತ್ರ ಒಂದು ಗುಂಪಿಗೆ ಹೋದರೆ ಕೃಷ್ಣನ ಪಾತ್ರ ಮತ್ತೊಂದು ಗುಂಪಿಗೆ ಹೋಗಬೇಕು, ಆಹ್ವಾನ ಪತ್ರಿಕೆಯಲ್ಲಿ ಯಾರ ಫೋಟೋ ಯಾರದಕ್ಕಿಂತ ದೊಡ್ಡದಾಗಬಾರದು, ಉದ್ಘಾಟನೆಗೆ ಯಾವ ಮುಖಂಡರನ್ನು ಕರೆದರೆ ಯಾರು ಮುನಿಯುತ್ತಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಇಪ್ಪತ್ತೈದು ವರ್ಷಗಳಿಗೂ ಮೀರಿ ಹತ್ತಾರು ಊರುಗಳ ಒಳಜಗಳಗಳನ್ನು ಅವರು ಹೀಗೆ ಒಂದೇ ರಂಗದ ಮೇಲೆ ಕೂರಿಸಿ ಕಳಿಸಿದ್ದರು.

ರಂಗಕ್ಕೂ ರಾಜಕಾರಣಕ್ಕೂ ಈ ಜಿಲ್ಲೆಯಲ್ಲಿ ಹಳೆಯ ನಂಟಿದೆ. ‘ನಿತ್ಯ ಸಚಿವ’ ಎಂದೇ ಹೆಸರಾಗಿದ್ದ ಕೆ.ವಿ.ಶಂಕರಗೌಡರು ರಂಗಭೂಮಿಯ ಪ್ರೀತಿಯನ್ನು ಬಿಡದೆ ರಾಜಕಾರಣ ಮಾಡಿದವರು. ಅಂಬರೀಶ್ ಇಲ್ಲಿಂದಲೇ ಲೋಕಸಭೆಗೆ ಹೋದರು. ಆದರೆ ಅವರ ಮಟ್ಟದ ರಾಜಕಾರಣಕ್ಕೂ, ಬೆಳಗ್ಗೆ ಎದ್ದರೆ ಮತದಾರನ ಮುಖವನ್ನೇ ನೋಡಬೇಕಾದ ಗ್ರಾಮ ಪಂಚಾಯಿತಿಯ ರಾಜಕಾರಣಕ್ಕೂ ಬಹಳ ಅಂತರವಿದೆ.

ಮೊದಲ ಅವಧಿ

2015ರ ಪಂಚಾಯಿತಿ ಚುನಾವಣೆಯಲ್ಲಿ ಊರಿನ ಎರಡೂ ಗುಂಪಿನವರು ಸೇರಿ ಅವರನ್ನು ನಿಲ್ಲಿಸಿದರು. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇರುವುದಿಲ್ಲವಾದ್ದರಿಂದ ‘ಯಾರ ಕಡೆಯವರೂ ಅಲ್ಲ’ ಎಂದು ಹೇಳಿಕೊಳ್ಳುವುದಕ್ಕೆ ಅವಕಾಶವಿತ್ತು, ಅವರ ಮಟ್ಟಿಗೆ ಅದು ನಿಜವೂ ಆಗಿತ್ತು. ಶಿಷ್ಯರು ಹಾರ್ಮೋನಿಯಂ ಹೊತ್ತು ಬೀದಿ ಬೀದಿ ಸುತ್ತಿದರು. ಸುಲಭವಾಗಿ ಗೆದ್ದರು.

ಆ ಐದು ವರ್ಷದ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ವರ್ಷದ ಕಾಮಗಾರಿಗಳ ಕ್ರಿಯಾ ಯೋಜನೆ ಎಂದರೇನು, ಉದ್ಯೋಗ ಖಾತ್ರಿಯಲ್ಲಿ ಕೂಲಿಗೂ ಸಾಮಗ್ರಿಗೂ 60:40ರ ಅನುಪಾತವನ್ನು ಯಾಕೆ ಕಾಯಬೇಕು, ಬಿಲ್ಲು ಯಾವ ಹಂತದಲ್ಲಿ ನಿಲ್ಲುತ್ತದೆ ಎಂಬುದು ತಿಳಿಯುವ ಹೊತ್ತಿಗೆ ಅವಧಿ ಮುಗಿಯುತ್ತಾ ಬಂದಿತ್ತು. ಆದರೆ ಅದೇ ಅವಧಿಯಲ್ಲಿ ನಡೆದ ಒಂದು ಪ್ರಸಂಗವನ್ನು ನೆನಪಿಟ್ಟುಕೊಳ್ಳಬೇಕು. 2016ರ ಸೆಪ್ಟೆಂಬರ್ 5ರಂದು ಹತ್ತು ದಿನಗಳ ಕಾಲ ದಿನವೂ 15,000 ಕ್ಯುಸೆಕ್ ಕಾವೇರಿ ನೀರನ್ನು ತಮಿಳುನಾಡಿಗೆ ಬಿಡುವಂತೆ ಸುಪ್ರೀಂ ಕೋರ್ಟ್ ಆದೇಶಿಸಿದಾಗ ಇಡೀ ಮಂಡ್ಯ ಬೀದಿಗಿಳಿಯಿತು. ಮೇಷ್ಟ್ರು ತಮ್ಮ ಹಾರ್ಮೋನಿಯಂ ಪೆಟ್ಟಿಗೆಯನ್ನು ಟ್ರ್ಯಾಕ್ಟರಿನಲ್ಲಿಟ್ಟುಕೊಂಡು ಧರಣಿಗೆ ಹೋಗಿ, ನಾಟಕದ ಮಟ್ಟುಗಳಿಗೆ ನೀರಿನ ಪದ ಕಟ್ಟಿ ಹಾಡಿದರು. ಊರಿನ ಎರಡು ಗುಂಪಿನವರೂ ಪಲ್ಲವಿಗೆ ದನಿಗೂಡಿಸಿದರು. ಆ ವರ್ಷದ ಸುಗ್ಗಿಯ ನಂತರ ನಾಟಕ ಕಲಿಸಲು ಕರೆದ ಊರುಗಳು ಹಿಂದಿಗಿಂತ ಹೆಚ್ಚಾದವು. ರಾಜಕಾರಣಕ್ಕೆ ಹಾಡಿದರೂ ವೃತ್ತಿಗೆ ತೊಂದರೆಯಿಲ್ಲ ಎಂಬ ನಂಬಿಕೆ ಅವರಲ್ಲಿ ಬೇರೂರಿದ್ದು ಆಗ.

ಹರಾಜಿನ ಪ್ರಶ್ನೆ

ಕೋವಿಡ್ ಕಾರಣಕ್ಕೆ ತಡವಾದ ಪಂಚಾಯಿತಿ ಚುನಾವಣೆ 2020ರ ಡಿಸೆಂಬರಿನಲ್ಲಿ ಬಂತು. ಆಗ ರಾಜ್ಯದ ಹಲವು ಕಡೆ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿ, ಬಂದ ಹಣವನ್ನು ದೇವಸ್ಥಾನಕ್ಕೆ ಬಳಸುತ್ತಾರೆಂಬ ಸುದ್ದಿಗಳು ಬಂದವು. ರಾಜ್ಯ ಚುನಾವಣಾ ಆಯೋಗ ಅಂಥ ಕಡೆ ಕ್ರಮ ಕೈಗೊಳ್ಳಲು ಸೂಚಿಸಿತು. ಮೇಷ್ಟ್ರ ವಾರ್ಡಿನಲ್ಲೂ ಆ ಮಾತು ಎದ್ದಿತು. ದೇವಸ್ಥಾನದ ಗೋಪುರ ಅರ್ಧಕ್ಕೆ ನಿಂತಿತ್ತು, ಅವಿರೋಧ ಆಯ್ಕೆಯಾದರೆ ಜಗಳವೂ ಇಲ್ಲ, ಖರ್ಚೂ ಇಲ್ಲ ಎಂಬುದು ಯಜಮಾನರ ವಾದ. ಹರಾಜನ್ನು ನಡೆಸಿಕೊಡುವುದಕ್ಕೆ ಎಲ್ಲರಿಗೂ ಬೇಕಾದವರೆಂದು ಅವರು ಆರಿಸಿದ್ದು ಮೇಷ್ಟ್ರನ್ನೇ.

ಅವರು ಒಪ್ಪಲಿಲ್ಲ. ಆಗ ಯಜಮಾನರೊಬ್ಬರು ಹೇಳಿದ ಮಾತು ತೂಕದ್ದು: ಇಷ್ಟು ವರ್ಷ ದುರ್ಯೋಧನನ ಪಾತ್ರವನ್ನು ಹೆಚ್ಚು ದುಡ್ಡು ಕೊಟ್ಟವನಿಗೇ ಕೊಟ್ಟುಕೊಂಡು ಬಂದಿರಲ್ಲ, ಇದಕ್ಕೆ ಮಾತ್ರ ಯಾಕೆ ಹಿಂಜರಿಕೆ? ಮೇಷ್ಟ್ರು ಕೊಟ್ಟ ಉತ್ತರವನ್ನು ಆ ಪಂಚಾಯಿತಿಯಲ್ಲಿ ಈಗಲೂ ಜನ ಹೇಳುತ್ತಾರೆ. ದುರ್ಯೋಧನ ಬೆಳಗಾಗುವ ಹೊತ್ತಿಗೆ ಕಿರೀಟವನ್ನು ಡ್ರೆಸ್ಸಿನವನ ಪೆಟ್ಟಿಗೆಗೆ ವಾಪಸು ಹಾಕಬೇಕು, ಇವನ ಕೈಯಲ್ಲಿ ಐದು ವರ್ಷ ಇರುತ್ತದೆ ಎಂದರಂತೆ. ಅಷ್ಟಕ್ಕೇ ನಿಲ್ಲದೆ ತಾವೇ ನಾಮಪತ್ರ ಹಾಕಿದರು. ಈ ಸಲ ಹಾರ್ಮೋನಿಯಂ ಮನೆಯಲ್ಲೇ ಇತ್ತು. ಎದುರಾಳಿ ಗಟ್ಟಿಯಾಗಿದ್ದ; ಕಡಿಮೆ ಅಂತರದಲ್ಲಿ ಗೆದ್ದರು. ಗೋಪುರದ ಕೆಲಸ ನಿಂತದ್ದಕ್ಕೆ ಇವರೇ ಕಾರಣ ಎಂಬ ಮುನಿಸು ಕೆಲವು ಮನೆಗಳಲ್ಲಿ ಉಳಿಯಿತು. ಇಡೀ ಪ್ರಕರಣದಲ್ಲಿ ಅತ್ಯಂತ ಸ್ಪಷ್ಟವಾದ, ಅತ್ಯಂತ ಧೈರ್ಯದ ತೀರ್ಮಾನ ಇದು ಎಂದು ನಾನು ಭಾವಿಸುತ್ತೇನೆ. ತಮ್ಮ ಕಸುಬಿನಲ್ಲಿ ಒಪ್ಪಿತವಾದ ಒಂದು ಪದ್ಧತಿ ಆಡಳಿತಕ್ಕೆ ಸಲ್ಲದು ಎಂದು ಗೆರೆ ಎಳೆಯುವುದು, ಅದೇ ಕಸುಬಿನಿಂದ ಅನ್ನ ಉಣ್ಣುವವರಿಗೆ ಸುಲಭವಲ್ಲ.

ತಾಲೀಮಿನ ರೀತಿಯ ಪಂಚಾಯಿತಿ

2021ರ ಆರಂಭದಲ್ಲಿ ಅಧ್ಯಕ್ಷ ಸ್ಥಾನ ಸಾಮಾನ್ಯ ವರ್ಗಕ್ಕೆ ಬಂದು, ಮೂವತ್ತು ತಿಂಗಳ ಅವಧಿಗೆ ಮೇಷ್ಟ್ರು ಅಧ್ಯಕ್ಷರಾದರು. ಸಮಸ್ಯೆ ಏನೆಂಬುದು ಈ ಸಲ ಅವರಿಗೆ ಗೊತ್ತಿತ್ತು. ಗ್ರಾಮ ಸಭೆಗೆ ಬರುವವರು ಕಡಿಮೆ, ಬಂದವರಿಗೆ ಲೆಕ್ಕ ಅರ್ಥವಾಗುವುದಿಲ್ಲ, ಅರ್ಥವಾಗದ ಲೆಕ್ಕಕ್ಕೆ ಕೈ ಎತ್ತಿ ಹೋಗುತ್ತಾರೆ, ಆರು ತಿಂಗಳಾದ ಮೇಲೆ ಜಗಳಕ್ಕೆ ಬರುತ್ತಾರೆ. ಅದರಲ್ಲೂ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು; ಉಳಿದ ಶೇ 40ರಲ್ಲಿ ಮಾತ್ರ ಪಂಚಾಯಿತಿ ತನ್ನಿಷ್ಟದ ಕೆಲಸಕ್ಕೆ ಕೈ ಹಾಕಬಹುದಿತ್ತು. ಇದು ತಿಳಿಯದ ಜನ ಚರಂಡಿಗೆ ದುಡ್ಡಿದೆ, ನಮ್ಮ ಬೀದಿಯ ರಸ್ತೆಗೆ ಯಾಕಿಲ್ಲ ಎಂದು ಕೇಳಿದರೆ ಆ ಪ್ರಶ್ನೆಯಲ್ಲಿ ತಪ್ಪೇನಿಲ್ಲ.

ಅವರು ಮಾಡಿದ್ದು ಸರಳ. ಓದು ಬಾರದ ಮನುಷ್ಯ ಮೂರು ತಿಂಗಳಲ್ಲಿ ಹತ್ತಾರು ಪದ, ಅದಕ್ಕೆ ತಕ್ಕ ಮಾತು ಕಲಿಯುತ್ತಾನೆಂದರೆ ಹನ್ನೆರಡು ಸಾಲಿನ ಕ್ರಿಯಾ ಯೋಜನೆಯನ್ನೂ ಕಲಿಯುತ್ತಾನೆ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ಒಪ್ಪಿಸಿದರು. ಗ್ರಾಮ ಸಭೆಗೆ ಮುಂಚಿನ ಕೆಲವು ಸಂಜೆ ಪ್ರತಿ ಊರಿನ ತಾಲೀಮಿನ ಜಾಗದಲ್ಲೇ ಯೋಜನೆಯನ್ನು ಗಟ್ಟಿಯಾಗಿ ಓದುವುದು, ಒಂದೊಂದು ಸಾಲನ್ನೂ ಕೇಳಿದವರಿಂದ ತಿರುಗಿ ಹೇಳಿಸುವುದು, ಯಾವ ಸಾಲಿನಲ್ಲಿ ತಕರಾರು ಬಂತೋ ಅದರ ಮೇಲೆ ಗುರುತು ಹಾಕಿಕೊಳ್ಳುವುದು. ಪಾರ್ಟ್ ಬರೆದುಕೊಡುವ ಅಭ್ಯಾಸದಂತೆ ವಾರ್ಡಿಗೊಂದು ನೋಟ್‌ಬುಕ್ಕಿನಲ್ಲಿ ಆ ವಾರ್ಡಿನ ಕಾಮಗಾರಿ, ಮೊತ್ತ, ಗುತ್ತಿಗೆದಾರ, ಅಳತೆ ಇಷ್ಟನ್ನೂ ಬರೆದು ವಾರ್ಡಿನವರ ಕೈಗೇ ಕೊಟ್ಟರು.

ಮೊದಮೊದಲು ಬಂದವರು ನಾಟಕದ ಸಲುಗೆಯಿಂದ ಬಂದವರು. ಆಮೇಲೆ ಹೆಂಗಸರು ಬರತೊಡಗಿದರು, ಏಕೆಂದರೆ ಮನೆಮನೆಗೆ ನಲ್ಲಿ ಹಾಕುವ ಜಲ ಜೀವನ್ ಮಿಷನ್ ಕೆಲಸಕ್ಕೆ ಬೀದಿ ಅಗೆದು ಹಾಗೇ ಬಿಟ್ಟಿದ್ದರು. ತಲೆಗೆ ದಿನಕ್ಕೆ 55 ಲೀಟರ್ ಎಂಬ ಲೆಕ್ಕವನ್ನು ಕೇಳಿಸಿಕೊಂಡ ಒಬ್ಬ ಮಹಿಳೆ, ಹಾಗಾದರೆ ನಮ್ಮ ಮನೆಯ ಐದು ಜನಕ್ಕೆ ಇಷ್ಟು ಬಿಂದಿಗೆ ಬರಬೇಕಲ್ಲ, ಬರುವುದು ಇಷ್ಟೇ ಎಂದು ಮುಂದಿನ ಗ್ರಾಮ ಸಭೆಯಲ್ಲಿ ಎಂಜಿನಿಯರ್ ಎದುರಿಗೇ ಹೇಳಿದರು. ತರಬೇತಿಗಳಲ್ಲಿ ನಾವು ‘ಜನರ ಸಹಭಾಗಿತ್ವ’ ಎಂದು ಹಲಗೆಯ ಮೇಲೆ ಬರೆದು ತೋರಿಸುವುದನ್ನು ಅಷ್ಟು ನಿಚ್ಚಳವಾಗಿ ನಾನು ಬೇರೆಲ್ಲೂ ಕಂಡಿಲ್ಲ.

2023ರ ಬೇಸಿಗೆ

ಪ್ರಕರಣದ ತಿರುವು ಇರುವುದು ಇಲ್ಲಿ. 2023ರ ಮೇ 10ರಂದು ವಿಧಾನಸಭಾ ಚುನಾವಣೆ. ಒಬ್ಬ ಅಭ್ಯರ್ಥಿಯ ಕಡೆಯವರು ಬಂದು, ರಂಗಗೀತೆಗಳ ಮಟ್ಟಿನಲ್ಲಿ ಪ್ರಚಾರದ ಪದ ಕಟ್ಟಿ ವಾಹನದ ಮೇಲೆ ಹಾಡಬೇಕೆಂದು ಕೇಳಿದರು. ಬದಲಿಗೆ ಎರಡು ಮಾತು ಕೊಟ್ಟರು. ಒಂದು, ಪಂಚಾಯಿತಿಯ ಎರಡು ರಸ್ತೆಗಳಿಗೆ ಶಾಸಕರ ಕಡೆಯಿಂದ ಅನುದಾನ. ಮತ್ತೊಂದು, ಜಿಲ್ಲಾ ಪಂಚಾಯಿತಿ ಚುನಾವಣೆ ಬಂದಾಗ ಟಿಕೆಟ್. 2016ರ ನಂತರ ಜಿಲ್ಲಾ ಪಂಚಾಯಿತಿಗೆ ಚುನಾವಣೆಯೇ ಆಗಿರಲಿಲ್ಲ, ಇನ್ನೇನು ಆಗಬಹುದೆಂದು ಎಲ್ಲರೂ ಕಾಯುತ್ತಿದ್ದರು.

ಇದನ್ನು ಆಸೆಬುರುಕತನ ಎಂದು ತಳ್ಳಿಹಾಕುವುದು ಅನ್ಯಾಯ. ಗ್ರಾಮ ಪಂಚಾಯಿತಿಯ ಅಧ್ಯಕ್ಷನಿಗೆ ರಸ್ತೆಗಾಗಲಿ, ಮನೆಗಳ ಹಂಚಿಕೆಗಾಗಲಿ ಶಾಸಕರ ಕೃಪೆ ಬೇಕೇ ಬೇಕು. ಅದಿಲ್ಲದ ಪಂಚಾಯಿತಿಯ ಊರುಗಳು ಕೆಸರಿನಲ್ಲೇ ಇರುವುದನ್ನು ಅವರು ಕಣ್ಣಾರೆ ಕಂಡಿದ್ದರು. ಪತ್ನಿ ಮಾತ್ರ ಬೇರೆ ದಾರಿ ಹೇಳಿದ್ದರು. ಬೆಂಬಲ ಬೇಕೆಂದರೆ ವೇದಿಕೆಗೆ ಹೋಗಿ ಎರಡು ಮಾತಾಡಿ ಬನ್ನಿ, ಪೆಟ್ಟಿಗೆಯನ್ನು ಮಾತ್ರ ಒಯ್ಯಬೇಡಿ ಎಂದಿದ್ದರು. 2016ರಲ್ಲಿ ಹಾಡಿದಾಗ ಏನೂ ಆಗಲಿಲ್ಲವಲ್ಲ ಎಂಬುದು ಮೇಷ್ಟ್ರ ಉತ್ತರವಾಗಿತ್ತು. ಅವರು ಹಾಡಿದರು. ಮೊಬೈಲಿನಲ್ಲಿ ಆ ಪದಗಳು ಕ್ಷೇತ್ರದ ತುಂಬ ಹರಿದಾಡಿದವು.

ಆಗಸ್ಟ್ ಹೊತ್ತಿಗೆ ಅವರ ಅಧ್ಯಕ್ಷಾವಧಿ ಮುಗಿಯಿತು; ಮುಂದಿನ ಮೂವತ್ತು ತಿಂಗಳಿಗೆ ಆ ಸ್ಥಾನ ಮಹಿಳೆಗೆ ಮೀಸಲಾಗಿತ್ತು. ಆ ವರ್ಷ ಮಳೆ ಕೈಕೊಟ್ಟು ಕೆ.ಆರ್.ಎಸ್. ಜಲಾಶಯ ತುಂಬಲಿಲ್ಲ. ಮತ್ತೆ ನೀರು ಬಿಡುವ ಆದೇಶ, ಮತ್ತೆ ಧರಣಿ, ಸೆಪ್ಟೆಂಬರ್ 23ರಂದು ಮಂಡ್ಯ ಬಂದ್. ಮೇಷ್ಟ್ರು ಏಳು ವರ್ಷದ ಹಿಂದಿನಂತೆಯೇ ಪೆಟ್ಟಿಗೆಯೊಡನೆ ಹೋಗಿ, ಅವೇ ನೀರಿನ ಪದಗಳನ್ನು ಎತ್ತಿಕೊಂಡರು. ಅರ್ಧ ಜನ ಪಲ್ಲವಿ ಹಿಡಿಯಲಿಲ್ಲ. ಕೆಲವರು ಎದ್ದು ಶಾಮಿಯಾನದ ಆಚೆ ಹೋಗಿ ನಿಂತರು. ಯಾರೂ ಕೂಗಾಡಲಿಲ್ಲ, ಅವಮಾನವನ್ನೂ ಮಾಡಲಿಲ್ಲ.

ನಿಜವಾದ ಪೆಟ್ಟು ತಿಳಿದದ್ದು 2024ರ ಸುಗ್ಗಿಯ ನಂತರ. ಯಾವ ಊರಿನವರು ಯಾವ ತಿಂಗಳು ಕರೆದರು, ಮುಂಗಡ ಎಷ್ಟು, ಬಾಕಿ ಎಷ್ಟು ಎಂದು ಪತ್ನಿ ವರ್ಷವಾರು ಬರೆದಿಡುವ ಪುಸ್ತಕವನ್ನು ನಾನೇ ನೋಡಿದ್ದೇನೆ. ಆ ವರ್ಷದ ಪುಟದಲ್ಲಿ ಪ್ರತಿ ವರ್ಷ ಬರುತ್ತಿದ್ದ ಊರುಗಳ ಹೆಸರುಗಳಲ್ಲಿ ಬಹಳಷ್ಟು ಇರಲಿಲ್ಲ. ಎದುರು ಪಕ್ಷದ ಊರುಗಳು ಬಿಟ್ಟವು ಎಂದರೆ ಅರ್ಥವಾಗುತ್ತಿತ್ತು. ಆದರೆ ಅವರು ಯಾರಿಗಾಗಿ ಹಾಡಿದ್ದರೋ ಅದೇ ಪಕ್ಷ ಬಲವಾಗಿದ್ದ ಊರುಗಳೂ ಕರೆದಿರಲಿಲ್ಲ.

ಕಾರಣವನ್ನು ಒಂದು ಊರಿನ ನಾಟಕ ಮಂಡಳಿಯವರೇ ಬಿಡಿಸಿ ಹೇಳಿದರು. ಕುರುಕ್ಷೇತ್ರಕ್ಕೆ ಇಪ್ಪತ್ತರ ಹತ್ತಿರ ಪಾತ್ರಗಳು ಬೇಕು. ದುಡ್ಡು ಹಾಕಬಲ್ಲ, ಮೂರು ತಿಂಗಳು ರಾತ್ರಿ ನಿದ್ದೆ ಕೆಡಬಲ್ಲ ಅಷ್ಟು ಜನ ಒಂದೇ ಗುಂಪಿನಲ್ಲಿ ಯಾವ ಊರಿನಲ್ಲೂ ಸಿಗುವುದಿಲ್ಲ. ಮೇಷ್ಟ್ರನ್ನು ಕರೆದರೆ ಆ ಕಡೆಯ ಕೃಷ್ಣ, ಅರ್ಜುನ, ಶಕುನಿ ಬರುವುದಿಲ್ಲ. ಅವರು ಬಾರದಿದ್ದರೆ ನಾಟಕವೇ ಇಲ್ಲ. ನಿಮ್ಮ ಮೇಲೆ ಕೋಪವಿಲ್ಲ, ನಮಗೆ ನಾಟಕ ಆಗಬೇಕು ಅಷ್ಟೆ ಎಂದರು. ಮೇಷ್ಟ್ರ ವೃತ್ತಿ ನಿಂತಿದ್ದದ್ದು ಕಂಠದ ಮೇಲಾಗಲಿ ಬೆರಳಿನ ಮೇಲಾಗಲಿ ಮಾತ್ರವಲ್ಲ. ಇಬ್ಬರು ವೈರಿಗಳು ಒಂದೇ ಪಡಸಾಲೆಯಲ್ಲಿ ಅವರೆದುರು ಕೂರಲು ಒಪ್ಪುತ್ತಿದ್ದರಲ್ಲ, ಅದರ ಮೇಲೆ. ಹರಾಜನ್ನು ನಿರಾಕರಿಸಿದಾಗ ಅದು ಮುಕ್ಕಾಗಲಿಲ್ಲ, ಏಕೆಂದರೆ ಆಗ ಅವರು ಯಾರ ಕಡೆಗೂ ವಾಲಿರಲಿಲ್ಲ. ಧರಣಿಯಲ್ಲಿ ಹಾಡಿದಾಗಲೂ ಮುಕ್ಕಾಗಲಿಲ್ಲ, ನೀರು ಎಲ್ಲರ ಗದ್ದೆಗೂ ಬೇಕಾಗಿತ್ತು. ಪ್ರಚಾರದ ವಾಹನ ಹತ್ತಿದಾಗ ಮುಕ್ಕಾಯಿತು. ಅದೇ ಮನುಷ್ಯ ಭಾಷಣ ಮಾಡಿದ್ದರೆ ಜನ ಮರೆಯುತ್ತಿದ್ದರೇನೋ. ತಾವು ಕೃಷ್ಣಸಂಧಾನದಲ್ಲಿ ಹಾಡಿದ ಮಟ್ಟಿನಲ್ಲೇ ಒಬ್ಬ ಅಭ್ಯರ್ಥಿಯ ಹೆಸರು ಕೇಳಿದ ಮೇಲೆ ಆ ಮಟ್ಟು ಅವರ ಕಿವಿಯಲ್ಲಿ ಮೊದಲಿನಂತೆ ಉಳಿಯಲಿಲ್ಲ.

ದೊಡ್ಡ ಕಲಾವಿದರ ಬದುಕಿನಲ್ಲೂ ಇಂಥದ್ದು ಕಾಣುತ್ತದೆ. ಅಸ್ಸಾಮಿನ ಗಾಯಕ ಭೂಪೇನ್ ಹಜಾರಿಕಾ 1967ರಲ್ಲಿ ಪಕ್ಷೇತರರಾಗಿ ನಿಂತು ವಿಧಾನಸಭೆಗೆ ಗೆದ್ದವರು. 2004ರಲ್ಲಿ ಪಕ್ಷವೊಂದರ ಅಭ್ಯರ್ಥಿಯಾಗಿ ಗುವಾಹಟಿಯಿಂದ ಲೋಕಸಭೆಗೆ ನಿಂತಾಗ ಸೋತರು. ಎರಡು ಚುನಾವಣೆಗಳ ನಡುವೆ ಕಾಲವೂ ಬದಲಾಗಿತ್ತು, ಆದ್ದರಿಂದ ಇದನ್ನು ಪುರಾವೆಯೆಂದು ಹೇಳುವುದಿಲ್ಲ. ಆದರೂ ಹಾಡಿನ ಮೇಲೆ ಎಲ್ಲರಿಗೂ ಹಕ್ಕಿರುವ ನಾಡಿನಲ್ಲಿ ಹಾಡುಗಾರ ಪಕ್ಷವನ್ನು ಆರಿಸಿಕೊಂಡಾಗ ಅವನು ಮಿಕ್ಕ ರಾಜಕಾರಣಿಗಳಿಗಿಂತ ಹೆಚ್ಚು ಬೆಲೆ ತೆರುತ್ತಾನೆಂಬ ಅನುಮಾನ ನನಗೆ ಬಲವಾಗಿಯೇ ಇದೆ.

ಸರಿಪಡಿಸುವ ಪ್ರಯತ್ನ

ಮೊದಲಿಗೆ ಅವರು ಮುಖಂಡರ ಮನೆಗಳಿಗೆ ಹೋಗಿ ಸಮಾಧಾನ ಹೇಳಿದರು. ಅದು ಫಲ ಕೊಡಲಿಲ್ಲ; ಹೋದ ಮನೆಯ ಲೆಕ್ಕ ಹಾಕಿ ಹೋಗದ ಮನೆಯವರು ಮುನಿದರು. ಆಮೇಲೆ ಟಿಕೆಟ್ಟಿನ ಆಸೆ ಬಿಟ್ಟಿದ್ದೇನೆಂದು ಮಾತು ಕೊಟ್ಟವರಿಗೇ ಹೇಳಿ ಬಂದರು. ಒಂದು ರಸ್ತೆ ಆಗಿತ್ತು, ಇನ್ನೊಂದರ ಮಾತೇ ಇರಲಿಲ್ಲ. ಮೂರನೆಯದಾಗಿ, ತಮ್ಮನ್ನು ಕರೆಯದ ಊರುಗಳಿಗೆ ತಮ್ಮ ಶಿಷ್ಯನೊಬ್ಬನನ್ನು ಕಳಿಸತೊಡಗಿದರು. ಪಾರ್ಟಿನ ನೋಟ್‌ಬುಕ್ಕುಗಳನ್ನು ಅವನಿಗೇ ಕೊಟ್ಟರು, ದುಡ್ಡಿನಲ್ಲಿ ಪಾಲು ಕೇಳಲಿಲ್ಲ. ಮೂರರಲ್ಲಿ ಫಲಿಸಿದ್ದು ಇದೊಂದೇ. ನಾಟಕಗಳು ನಿಲ್ಲಲಿಲ್ಲ, 2025ರಲ್ಲಿ ಎರಡು ಮೂರು ಊರಿನವರು ಶಿಷ್ಯನ ಜೊತೆ ಮೇಷ್ಟ್ರೂ ಬರಲಿ ಎಂದರು. ಸಂಸಾರದ ಆದಾಯ ಮಾತ್ರ ಹಿಂದಿನ ಮಟ್ಟಕ್ಕೆ ಬಂದಿಲ್ಲ, ಪಂಚಾಯಿತಿಯ ಗೌರವಧನ ಅದನ್ನು ತುಂಬುವಂಥದ್ದೂ ಅಲ್ಲ. ಪತ್ನಿ ಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತಿದ್ದಾರೆ.

ಕಲಾವಿದರು ರಾಜಕಾರಣಕ್ಕೆ ಬರಬಾರದೆಂದು ಈ ಪ್ರಕರಣವನ್ನು ಉದಾಹರಿಸಿದವರನ್ನು ಕಂಡಿದ್ದೇನೆ. ಅದು ಸರಿಯಲ್ಲ. ಹರಾಜನ್ನು ತಡೆದದ್ದು, ಓದಿನ ಸಂಜೆಗಳನ್ನು ಕಟ್ಟಿದ್ದು ಇದೇ ಕಲಾವಿದ, ಅದೂ ತನ್ನ ಕಲೆಯ ಬಲದಿಂದಲೇ. ಬರುವವರು ಹೊಟ್ಟೆಪಾಡಿನ ದಾರಿಯನ್ನು ಮೊದಲೇ ನೋಡಿಕೊಳ್ಳಬೇಕು. ತನ್ನನ್ನು ಕರೆಯುವವರು ಯಾರು, ಅವರು ಒಬ್ಬರನ್ನೊಬ್ಬರು ಹೇಗೆ ಸಹಿಸಿಕೊಂಡಿದ್ದಾರೆ ಎಂಬುದನ್ನು ನಾಮಪತ್ರಕ್ಕೆ ಮುಂಚೆ ಕೂತು ಲೆಕ್ಕ ಹಾಕಬೇಕು. ವಾದ್ಯ ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು ಎಂಬುದನ್ನು ಮನೆಯವರೊಡನೆ ಕೂಡಿ ತೀರ್ಮಾನಿಸಬೇಕು, ಏಕೆಂದರೆ ಅದರ ನಷ್ಟ ಮೊದಲು ಕಾಣುವುದು ಮನೆಯ ಲೆಕ್ಕದ ಪುಸ್ತಕದಲ್ಲಿ.

ಮುಂದಿನ ಪಂಚಾಯಿತಿ ಚುನಾವಣೆಗೆ ನಿಲ್ಲುವಂತೆ ಊರಿನ ಕೆಲವರು ಮತ್ತೆ ಕೇಳಿದ್ದಾರೆ. ಎರಡೂ ಗುಂಪಿನವರು ಒಟ್ಟಿಗೆ ಬಂದು ಕೇಳದೆ ಉತ್ತರ ಕೊಡುವುದಿಲ್ಲ ಎಂದಿದ್ದಾರೆ ಮೇಷ್ಟ್ರು. ಇನ್ನೂ ಯಾರೂ ಒಟ್ಟಿಗೆ ಬಂದಿಲ್ಲ. ಅವರ ನಂತರ ಅಧ್ಯಕ್ಷರಾದ ಮಹಿಳೆ ಓದಿನ ಸಂಜೆಗಳನ್ನು ಕೈಬಿಡದೆ, ನಾಟಕದ ಪಡಸಾಲೆಯಿಂದ ಶಾಲೆಯ ಜಗಲಿಗೆ ಬದಲಾಯಿಸಿ ನಡೆಸಿಕೊಂಡು ಬಂದಿದ್ದಾರೆ. ಅಲ್ಲಿಗೆ ಎರಡೂ ಕಡೆಯವರು ಬರುತ್ತಾರೆ. ನಾನು ಹೋಗಿದ್ದ ಸಂಜೆ ಪೈಪಿಗೆಂದು ಅಗೆದ ಬೀದಿಗಳ ಅಳತೆಯನ್ನು ವಾರ್ಡಿನ ನೋಟ್‌ಬುಕ್ಕಿನೊಂದಿಗೆ ತಾಳೆ ನೋಡಿ, ಕಾಂಕ್ರೀಟ್ ಹಾಕಿ ಮುಚ್ಚುವವರೆಗೆ ಗುತ್ತಿಗೆದಾರನ ಬಿಲ್ಲಿಗೆ ಒಪ್ಪಿಗೆ ಕೊಡಬಾರದೆಂದು ಗ್ರಾಮ ಸಭೆಯ ಮುಂದಿಡಲು ನಿರ್ಣಯ ಬರೆದುಕೊಂಡರು.